ಸಂಖ್ಯೆ ಇಲ್ಲದ ಎರಡು ಮರಗಳು

2025ರ ಜೂನ್ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ತಿಪಟೂರಿನ ನಮ್ಮ ತೆಂಗು ಬೆಳೆಗಾರರ ಒಕ್ಕೂಟದ ಕಚೇರಿಯಲ್ಲಿ ಮರಗಳ ದಾಖಲೆಯ ಹಳೆಯ ಪ್ರೋಗ್ರಾಂ ನಿಲ್ಲಿಸಿ ಹೊಸದನ್ನು ಶುರು ಮಾಡಲಾಯಿತು. ಅದೇ ವಾರದ ಗುರುವಾರ, ಬಿಳಿಗೆರೆ ಹಾದಿಯ ಒಂದು ಊರಿನಲ್ಲಿ ಅಣಬೆ ರೋಗ ತಗುಲಿದ ತೆಂಗಿನ ಮರಗಳನ್ನು ಬೇರುಸಮೇತ ತೆಗೆಯಲು ಆಳುಗಳು ಬರುವುದಿತ್ತು. ಯಾವ ಮರ ಹೋಗಬೇಕು, ಯಾವ ಮರ ಉಳಿಯಬೇಕು ಎಂಬ ಪಟ್ಟಿ ತಯಾರಿಸುವುದು ನನ್ನ ಕೆಲಸ.

ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಪತ್ರಿಕೆಯ ಸುದ್ದಿಮೇಜಿನಲ್ಲಿ ಕುಳಿತವನು. ಅದನ್ನು ಬಿಟ್ಟ ಮೇಲೆ ವಾರಕ್ಕೆ ಮೂರು ದಿನ ಒಕ್ಕೂಟದ ದಾಖಲೆ ನೋಡಿಕೊಳ್ಳುತ್ತಿದ್ದೇನೆ. ಸದಸ್ಯರ ತೋಟಗಳಲ್ಲಿ ಪ್ರತಿ ಮರದ ಕಾಂಡಕ್ಕೂ ಎದೆಮಟ್ಟದಲ್ಲಿ ಸುಣ್ಣದ ಪಟ್ಟಿ ಬಳಿದು, ಅದರ ಮೇಲೆ ಕೆಂಪು ಬಣ್ಣದಲ್ಲಿ ಸಂಖ್ಯೆ ಬರೆದಿರುತ್ತಾರೆ. ಕಂಪ್ಯೂಟರಿನಲ್ಲಿ ಆ ಸಂಖ್ಯೆಯ ಎದುರು ಮರದ ವಯಸ್ಸು, ಬಿಟ್ಟ ಗೊನೆ, ಬಂದ ರೋಗ, ಔಷಧಿ ಹಾಕಿದ ದಿನ ಇರುತ್ತವೆ.

ಹಳೆಯ ಪ್ರೋಗ್ರಾಂನಲ್ಲಿ ಬರೆಯುವುದು ಏನೂ ಇರಲಿಲ್ಲ. ನೀಲಿ ಪರದೆ, ಅದರ ಮೇಲೆ ಖಾಲಿ ಚೌಕಗಳು. ತೋಟದ ಚೌಕದಲ್ಲಿ ತೋಟದ ಸಂಖ್ಯೆ, ರೋಗದ ಚೌಕದಲ್ಲಿ ‘ಹೌದು’ ಅಥವಾ ‘ಇಲ್ಲ’ ತುಂಬಿ ಒಂದು ಕೀಲಿ ಒತ್ತಿದರೆ ಪಕ್ಕದ ಪ್ರಿಂಟರ್ ಕರಕರ ಎನ್ನುತ್ತಾ ಪಟ್ಟಿ ಕೊಡುತ್ತಿತ್ತು. ಅದನ್ನು ಬರೆದುಕೊಟ್ಟವರು ಯಾರೆಂದು ಈಗ ಒಕ್ಕೂಟದಲ್ಲಿ ಯಾರಿಗೂ ಗೊತ್ತಿಲ್ಲ. ಆ ಯಂತ್ರ ಕೆಟ್ಟರೆ ಬಿಡಿಭಾಗ ಸಿಗುವುದಿಲ್ಲ ಎಂಬ ಕಾರಣಕ್ಕೆ ಬದಲಾವಣೆ ಆಯಿತು. ಹೊಸದರಲ್ಲಿ ಚೌಕಗಳಿಲ್ಲ. ಪ್ರಶ್ನೆಯನ್ನು ವಾಕ್ಯವಾಗಿ ಬರೆಯಬೇಕು. ಅದಕ್ಕೆ ಎಸ್‌ಕ್ಯೂಎಲ್ ಎಂಬ ಭಾಷೆ ಇದೆ. ಅದನ್ನು ಕಲಿಸಲು ತುರುವೇಕೆರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಮೇಡಂ ಒಬ್ಬರು ಸೋಮವಾರ ಮತ್ತು ಬುಧವಾರ ಬಸ್ಸಿನಲ್ಲಿ ಬರುತ್ತಿದ್ದರು. ಅವರ ತಂದೆಯ ತೋಟವೂ ನಮ್ಮ ಒಕ್ಕೂಟದಲ್ಲಿದೆ.

ನನಗೆ ಮೊದಲ ದಿನದಿಂದಲೇ ಗೊಂದಲ. ನಮ್ಮ ಮಾತಿನಲ್ಲಿ ಮಾಡಬೇಕಾದ ಕೆಲಸ ವಾಕ್ಯದ ಕೊನೆಗೆ ಬರುತ್ತದೆ: ಈ ತೋಟದಲ್ಲಿ, ರೋಗವಿರುವ ಮರಗಳ, ಸಂಖ್ಯೆ ಕೊಡು. ಈ ಭಾಷೆಯಲ್ಲಿ ‘ಆರಿಸು’ ಎಂಬುದೇ ಮೊದಲು. ಎಲ್ಲಿಂದ ಎಂಬುದು ಆಮೇಲೆ, ಯಾವ ಷರತ್ತು ಎಂಬುದು ಅದಕ್ಕೂ ಆಮೇಲೆ. ನಾನು ಹತ್ತು ಸಲ ಹಿಂದುಮುಂದಾಗಿ ಬರೆದೆ, ಹತ್ತು ಸಲವೂ ಅದು ಕೆಂಪು ಅಕ್ಷರದಲ್ಲಿ ಬೈಯಿತು.

“ಸಾರ್, ನೀವು ತಲೆಬರಹ ಮೊದಲು ಬರೀತಿರಲಿಲ್ವಾ? ಹಾಗೇ ಅಂದ್ಕೊಳ್ಳಿ” ಎಂದರು ಮೇಡಂ.

“ತಲೆಬರಹ ಕೊನೆಗೆ ಬರೀತಿದ್ವಿ ಮೇಡಂ. ಸುದ್ದಿ ಏನು ಅಂತ ಗೊತ್ತಾದ ಮೇಲೆ.”

“ಹಂಗಾದ್ರೆ ಕಷ್ಟ” ಎಂದು ಅವರು ನಕ್ಕರು.

ಪಟ್ಟಿಯ ಹಿನ್ನೆಲೆ ಇಷ್ಟು. ಅಣಬೆ ರೋಗ ಮಣ್ಣಿನೊಳಗೆ, ಬೇರಿನಿಂದ ಬೇರಿಗೆ ಹರಡುತ್ತದೆ. ಒಂದು ತೋಟದಲ್ಲಿ ಒಂದು ಮರ ಉಳಿದರೂ ಪಕ್ಕದ ತೋಟಕ್ಕೆ ಅಪಾಯ. ಆದ್ದರಿಂದ ಆ ಊರಿನ ಕೆರೆ ಏರಿಯ ಕೆಳಗಿನ ಹದಿಮೂರು ತೋಟದವರು ಸಭೆ ಸೇರಿ, ಪ್ರತಿ ಮರದ ಬೇರನ್ನೂ ಪರೀಕ್ಷೆಗೆ ಕಳಿಸುವುದು, ರೋಗ ಇದೆ ಎಂದು ಬಂದ ಮರವನ್ನು ಯಾರದ್ದೇ ಆಗಿರಲಿ ತೆಗೆಯುವುದು ಎಂದು ಒಪ್ಪಿದ್ದರು. ಆ ಸಭೆಯಲ್ಲಿ ನಾನು ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ. ಮೊದಲು ಕೈ ಎತ್ತಿದವರು ಒಬ್ಬ ಹೆಂಗಸು. ಐವತ್ತರ ಆಸುಪಾಸಿನವರು. ತೋಟ, ಎರಡು ಎಮ್ಮೆ, ಒಂದಷ್ಟು ರಾಗಿ ಹೊಲ ಎಲ್ಲವನ್ನೂ ತಾವೇ ನಿಂತು ಮಾಡಿಸುವವರು.

“ನನ್ ತ್ವಾಟದಲ್ಲಿದ್ರೂ ಕಡೀರಿ. ಮುಲಾಜಿಲ್ಲ” ಎಂದಿದ್ದರು. ಆ ಮಾತು ನನ್ನ ಟಿಪ್ಪಣಿಯಲ್ಲಿ ಇದೆ.

ಸೋಮವಾರ ಮಧ್ಯಾಹ್ನ ಮೇಡಂ ಹೊರಟ ಮೇಲೆ ನಾನೊಬ್ಬನೇ ಕುಳಿತು ಎರಡು ಪ್ರಶ್ನೆ ಬರೆದೆ. ರೋಗವಿರುವ ಮರಗಳು ಯಾವುವು? ರೋಗವಿಲ್ಲದವು ಯಾವುವು? ಎರಡು ಪಟ್ಟಿ ಬಂದವು. ಕಳಿಸುವ ಮುಂಚೆ ಎರಡನ್ನೂ ಕೂಡಿಸಿ ಒಟ್ಟು ಮರಗಳಿಗೆ ತಾಳೆ ನೋಡಿದೆ. ಹದಿನಾಲ್ಕು ಮರ ಕಡಿಮೆ. ಒಂದು ಮರಕ್ಕೆ ರೋಗ ಇರಬೇಕು, ಇಲ್ಲದಿದ್ದರೆ ಇಲ್ಲದಿರಬೇಕು. ಮೂರನೆಯದು ಹೇಗೆ ಸಾಧ್ಯ? ಮತ್ತೆ ಕೂಡಿಸಿದೆ. ಹದಿನಾಲ್ಕೇ. ಪಟ್ಟಿ ಕಳಿಸಲಿಲ್ಲ.

ಮಂಗಳವಾರ ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆಯುವ ಹೊತ್ತಿಗೆ ಆ ಹೆಂಗಸು ಮೆಟ್ಟಿಲ ಮೇಲೆ ಕುಳಿತಿದ್ದರು. ಮೊದಲ ಬಸ್ಸಿಗೇ ಬಂದಿದ್ದರು.

“ಪೇಪರ್ ಸಾರ್, ಪಟ್ಟಿ ಯಾಕ್ ಕಳಿಸ್ಲಿಲ್ಲ? ಗುರುವಾರ ಆಳ್ ಬತ್ತವೆ.”

ಲೆಕ್ಕ ತಾಳೆಯಾಗಿಲ್ಲ ಎಂದೆ.

“ಊರ್ ಮರದ್ದೆಲ್ಲ ನನಗ್ ಬ್ಯಾಡ. ನನ್ ಎಲ್ಡ್ ಮೀಸಲು ಮರದ್ದು ಹೇಳ್ಬುಡಿ, ಸಾಕು. ರೋಗ ಐತೆ ಅಂದ್ರೆ ಕಡಿಸ್ತೀನಿ. ಇಲ್ಲ ಅಂದ್ರೆ ಯಾವನೂ ಮುಟ್ಟಂಗಿಲ್ಲ. ಎಲ್ಡರಲ್ಲಿ ಒಂದ್ ಹೇಳಿ.”

ಈ ಸೀಮೆಯಲ್ಲಿ ತೋಟ ಹಾಕುವಾಗ ಮೊದಲು ನೆಟ್ಟ ಸಸಿ ಮನೆದೇವರಿಗೆ ಮೀಸಲು. ಅದರ ಕಾಯಿ ಮಾರುವುದಿಲ್ಲ. ಮೊದಲ ಗೊನೆ ದೇವರಿಗೆ, ಉಳಿದದ್ದು ಮನೆಯ ಹಬ್ಬಕ್ಕೆ, ಬಸುರಿ ಬಾಣಂತಿಯರಿಗೆ. ಸಾಮಾನ್ಯವಾಗಿ ತೋಟಕ್ಕೆ ಒಂದು. ಇವರ ತೋಟದಲ್ಲಿ ಎರಡು. ಮಾವನ ಕಾಲದಲ್ಲಿ ಅಣ್ಣತಮ್ಮಂದಿರು ಭಾಗವಾಗಿ ನಡುವೆ ಬೇಲಿ ಬಂದಾಗ ತಮ್ಮನೂ ತನ್ನ ಪಾಲಿನಲ್ಲಿ ಒಂದು ಮೀಸಲು ಸಸಿ ಇಟ್ಟನಂತೆ. ಆಮೇಲೆ ಅವನ ಪಾಲು ಇವರಿಗೇ ಬಂತು, ಬೇಲಿ ಹೋಯಿತು, ಮರಗಳು ಎರಡಾಗಿಯೇ ಉಳಿದವು. ಒಂದು ಬಾವಿಯ ಪಕ್ಕ, ಇನ್ನೊಂದು ಹಳೆಯ ಬೇಲಿಸಾಲಿನಲ್ಲಿ. ಅವರು ದೀಪ ಹಚ್ಚುವುದು ಬಾವಿ ಪಕ್ಕದ್ದಕ್ಕೆ. ಸೊಸೆಯಾಗಿ ಬಂದ ವರ್ಷದಿಂದ ಹಚ್ಚುತ್ತಿದ್ದಾರೆ.

ಹೊಸ ಪ್ರೋಗ್ರಾಂನಲ್ಲಿ ಅವರ ತೋಟದ ಪಟ್ಟಿ ತೆಗೆದೆ. ರೋಗ ಇರುವವುಗಳಲ್ಲಿ ಮೀಸಲು ಮರಗಳಿಲ್ಲ. ಇಲ್ಲದವುಗಳಲ್ಲಿಯೂ ಇಲ್ಲ. ಅವರು ಪರದೆಯನ್ನು ನೋಡಿದರು, ಆಮೇಲೆ ನನ್ನನ್ನು.

“ಅವು ಅಲ್ಲೇ ಐದಾವೆ ಕಣ್ರೀ. ಬೆಳಿಗ್ಗೆ ನೋಡ್ಕೊಂಡೇ ಬಂದೆ.”

ಮೂಲೆಯಲ್ಲಿ ಹಳೆಯ ಯಂತ್ರ ಬಟ್ಟೆ ಹೊದ್ದು ಕುಳಿತಿತ್ತು. ಬಟ್ಟೆ ತೆಗೆದು ಚಾಲೂ ಮಾಡಿದೆ. ನೀಲಿ ಪರದೆ ಬಂತು. ತೋಟದ ಚೌಕ ತುಂಬಿದೆ, ಕೀಲಿ ಒತ್ತಿದೆ. ಕರಕರ ಸದ್ದಾಯಿತು. ಪಟ್ಟಿಯ ಮೊದಲ ಎರಡು ಸಾಲು ಮೀಸಲು ಮರಗಳದ್ದು. ಎರಡರ ಎದುರೂ ‘ಇಲ್ಲ’ ಎಂದಿತ್ತು.

“ರೋಗ ಇಲ್ಲ. ಎರಡಕ್ಕೂ” ಎಂದೆ.

ಅವರು ಆ ಕಾಗದ ಕೇಳಿ ಪಡೆದು, ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡರು. “ಹೊಸದ್ ಯಾಕ್ ತಂದ್ರೀ? ಹಳೇದೇ ವಾಸಿ” ಎಂದು ಬಸ್ಸಿಗೆ ಹೋದರು. ಒಂದೇ ಮೂಲದಿಂದ ಬಂದ ಮಾಹಿತಿಯನ್ನು ನಾನು ಖಚಿತವೆಂದು ಹೇಳಿ ಕಳಿಸಿದ್ದೆ. ಸುದ್ದಿಮೇಜಿನಲ್ಲಿ ಹಾಗೆ ಮಾಡುತ್ತಿರಲಿಲ್ಲ.

ಬುಧವಾರ ಮೇಡಂ ಬಂದಾಗ ಹದಿನಾಲ್ಕು ಮರದ ಕಥೆ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ: “ಒಟ್ಟು ತೋಟ ಎಷ್ಟು ಸಾರ್?”

“ಹದಿಮೂರು. ಒಂದು ತೋಟದಲ್ಲಿ ಮೀಸಲು ಮರ ಎರಡು” ಎಂದೆ. ಹೇಳುವಾಗಲೇ ಲೆಕ್ಕ ನನಗೂ ಹೊಳೆಯಿತು. ಕಾಣೆಯಾದ ಹದಿನಾಲ್ಕೂ ಮೀಸಲು ಮರಗಳೇ.

ಮೀಸಲು ಮರಕ್ಕೆ ಯಾರೂ ಸಂಖ್ಯೆ ಬರೆಸುವುದಿಲ್ಲ. ದೇವರದನ್ನು ಎಣಿಸಬಾರದು, ಎಣಿಸಿದರೆ ಕರಗುತ್ತದೆ ಎಂಬ ನಂಬಿಕೆ. ಸುಣ್ಣದ ಪಟ್ಟಿ ಇರುತ್ತದೆ, ಅದರ ಮೇಲೆ ಸಂಖ್ಯೆ ಇರುವುದಿಲ್ಲ. ದಾಖಲೆಯಲ್ಲೂ ಹಿಂದಿನವರು ಆ ಜಾಗವನ್ನು ಖಾಲಿ ಬಿಟ್ಟಿದ್ದರು. ನಾನೂ ಅದನ್ನೇ ಮುಂದುವರಿಸಿದ್ದೆ. ಮರಗಳದ್ದು ಒಂದು ಪಟ್ಟಿ, ಪರೀಕ್ಷೆಯ ಫಲಿತಾಂಶದ್ದು ಇನ್ನೊಂದು. ಎರಡನ್ನೂ ಜೋಡಿಸುವುದು ತೋಟ ಮತ್ತು ಮರದ ಸಂಖ್ಯೆ. ಅಲ್ಲೂ ಖಾಲಿ, ಇಲ್ಲೂ ಖಾಲಿ.

“ಖಾಲಿಗೆ ಖಾಲಿ ಸರಿಹೋಗಲ್ವಾ ಮೇಡಂ?”

“ಹಳೇದರಲ್ಲಿ ಸರಿಹೋಗ್ತಿತ್ತು. ಅದು ಖಾಲಿನ ಸೊನ್ನೆ ಅಂದ್ಕೊಳ್ತಿತ್ತು. ಹೊಸದಕ್ಕೆ ಖಾಲಿ ಅಂದ್ರೆ ‘ಗೊತ್ತಿಲ್ಲ’ ಅಂತ. ಒಂದು ಗೊತ್ತಿಲ್ಲದ್ದು ಇನ್ನೊಂದು ಗೊತ್ತಿಲ್ಲದ್ದಕ್ಕೆ ಸಮ ಅಂದ್ರೆ ಅದು ಒಪ್ಪಲ್ಲ.”

“ಹಾಗಾದ್ರೆ ಸಮ ಅಲ್ಲ ಅನ್ನುತ್ತಾ?”

“ಅದನ್ನೂ ಒಪ್ಪಲ್ಲ.”

“ಮತ್ತೆ ಏನನ್ನುತ್ತೆ?”

“ಗೊತ್ತಿಲ್ಲ ಅನ್ನುತ್ತೆ ಸಾರ್. ಗೊತ್ತಿಲ್ಲದ್ದನ್ನ ಪಟ್ಟಿಗೆ ಸೇರಿಸಲ್ಲ.”

ನಾನು ಇದನ್ನು ಕಾಗದದ ಮೇಲೆ ಬರೆದುಕೊಂಡೆ. ಎರಡು ಸಲ ಓದಿದೆ. ಅರ್ಥವಾಯಿತು ಅನ್ನಿಸಿತು, ಮೂರನೆಯ ಸಲ ಓದಿದಾಗ ಅರ್ಥವಾಗಿಲ್ಲ ಅನ್ನಿಸಿತು.

ಮೇಡಂ ವಾಕ್ಯ ತಿದ್ದಿದರು. ಎರಡೂ ಕಡೆ ಖಾಲಿ ಇದ್ದರೆ ಅದನ್ನೂ ಜೋಡಿ ಎಂದು ತಿಳಿ, ಎಂದು ಬಿಡಿಸಿ ಹೇಳುವ ಒಂದು ತುಂಡು ಸೇರಿಸಿದರು. ಈಗ ಹದಿನಾಲ್ಕು ಮರ ಬರಬೇಕಿತ್ತು. ಹದಿನಾರು ಸಾಲು ಬಂದವು. ಮೊನ್ನೆ ಹದಿನಾಲ್ಕು ಕಡಿಮೆ, ಇವತ್ತು ಎರಡು ಹೆಚ್ಚು. ತೋಟದ ಪ್ರಕಾರ ವಿಂಗಡಿಸಿ ನೋಡಿದೆವು.

ಹೆಚ್ಚಾಗಿದ್ದದ್ದು ಆ ಹೆಂಗಸಿನ ತೋಟದಲ್ಲಿ. ಅಲ್ಲಿ ಸಂಖ್ಯೆ ಇಲ್ಲದ ಮರ ಎರಡು, ಸಂಖ್ಯೆ ಇಲ್ಲದ ಫಲಿತಾಂಶ ಎರಡು. ಹೊಸ ಪ್ರೋಗ್ರಾಂ ಪ್ರತಿ ಮರವನ್ನೂ ಎರಡೂ ಫಲಿತಾಂಶಕ್ಕೆ ಜೋಡಿಸಿ ನಾಲ್ಕು ಸಾಲು ಕೊಟ್ಟಿತ್ತು. ಒಂದು ಮರ: ‘ಇಲ್ಲ’. ಅದೇ ಮರ: ‘ಹೌದು’. ಇನ್ನೊಂದು ಮರ: ‘ಇಲ್ಲ’. ಅದೇ ಮರ: ‘ಹೌದು’.

“ಒಂದಕ್ಕೆ ರೋಗ ಇದೆ. ಯಾವುದಕ್ಕೆ ಅಂತ ಇದರಲ್ಲಿಲ್ಲ” ಎಂದರು ಮೇಡಂ.

“ಹಳೇದು ಎರಡಕ್ಕೂ ಇಲ್ಲ ಅಂದಿತ್ತಲ್ಲ?”

ಅವರು ಹಳೆಯ ಪಟ್ಟಿಯನ್ನು ಮತ್ತೆ ತೆಗೆಸಿ ನೋಡಿದರು. ಎರಡು ಮೀಸಲು ಮರಗಳ ಎದುರೂ ಪರೀಕ್ಷಾ ವರದಿಯ ಸಂಖ್ಯೆ ಒಂದೇ ಇತ್ತು. ಮಂಗಳವಾರ ನಾನು ಅದನ್ನು ಗಮನಿಸಿರಲಿಲ್ಲ. ಹಳೆಯ ಪ್ರೋಗ್ರಾಂ ಖಾಲಿಗೆ ಸರಿಹೋಗುವ ಮೊದಲ ಫಲಿತಾಂಶ ಸಿಕ್ಕಿದ ಕೂಡಲೇ ಹುಡುಕುವುದನ್ನು ನಿಲ್ಲಿಸಿ, ಅದನ್ನೇ ಎರಡು ಮರಕ್ಕೂ ಬರೆದಿತ್ತು. ಎಷ್ಟು ವರ್ಷದಿಂದ ಹೀಗೆ ಮಾಡುತ್ತಿತ್ತೋ ಗೊತ್ತಿಲ್ಲ. ನಾವು ಅದನ್ನು ಸರಿಯೆಂದು ನಂಬಿದ್ದು ಅದು ಎಂದೂ ತಡವರಿಸದೆ ಉತ್ತರ ಕೊಡುತ್ತಿದ್ದುದರಿಂದ.

ತಪ್ಪು ಸುದ್ದಿ ಹೋದರೆ ತಿದ್ದುಪಡಿ ಹೋಗಬೇಕು. ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದೆ.

ಮೊದಲು, ಪರೀಕ್ಷೆಗೆ ಬೇರು ತೆಗೆದುಕೊಟ್ಟಿದ್ದ, ಮರ ಹತ್ತುವವನನ್ನು ಕಂಡೆ. ಹದಿಮೂರು ತೋಟದಲ್ಲೂ ಕಾಯಿ ಕೆಡವುವವನು ಅವನೇ, ಬೇರು ಅಗೆದು ಪೊಟ್ಟಣ ಕಟ್ಟಿದವನೂ ಅವನೇ. ಅರಳಿಕಟ್ಟೆಯ ಮೇಲೆ ಕುಳಿತು ಕುಡುಗೋಲು ಮಸೆಯುತ್ತಿದ್ದ.

“ಆ ಎರಡು ಮೀಸಲು ಮರದ ಪೊಟ್ಟಣದ ಮೇಲೆ ಏನು ಬರೆದಿದ್ದೆಯಪ್ಪ?”

“ಏನೂ ಬರೀಲಿಲ್ಲ ಸಾ. ತ್ವಾಟದ ನಂಬ್ರು ಮಾತ್ರ. ಮರದ್ದು ಬರೀಬ್ಯಾಡ ಅಂತ ಆವಮ್ಮನೇ ಅಂದಿದ್ದು.”

“ಬಾವಿ ಕಡೇದು, ಬೇಲಿ ಕಡೇದು ಅಂತಾದರೂ?”

“ಪೊಟ್ಟಣಕ್ಕೆ ಅಂಟಿಸೋ ಆ ಕಾಗದದಲ್ಲಿ ಅದಕ್ಕೆ ಜಾಗ ಎಲ್ಲಿತ್ತು? ನಂಬ್ರುಗೆ ಒಂದ್ ಚೌಕ. ಅದ್ನ ಬುಡು ಅಂದ್ರು, ಬುಟ್ಟೆ.” ಅವನು ಕುಡುಗೋಲಿನ ಅಂಚನ್ನು ಹೆಬ್ಬೆರಳಿನಿಂದ ಸವರಿದ. “ನಾನ್ ಮರ ಹತ್ತೋನು ಸಾ. ಮ್ಯಾಲಿನ್ ಸುದ್ದಿ ಕೇಳಿ, ಹೇಳ್ತೀನಿ. ಬೇರಿನ್ ಸುದ್ದಿ ನನಗ್ ಹೆಂಗ್ ಗೊತ್ತಾಯ್ತದೆ?”

ಆ ಕಾಗದದ ಚೌಕ ಮಾಡಿಸಿದ್ದು ನಾನು.

ಹೆಂಗಸು ಮನೆಯ ಅಟ್ಟದ ಮೇಲಿದ್ದರು. ತಿಂಗಳುಗಟ್ಟಲೆ ಒಣಗಲು ಬಿಟ್ಟ ಕಾಯಿಗಳ ರಾಶಿಯ ನಡುವೆ ಕುಳಿತು, ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಕೊಬ್ಬರಿ ಬಿಡಿಸಿಕೊಂಡು ಲೊಡಲೊಡ ಎಂದರೆ ಒಂದು ಕಡೆ, ಸದ್ದಿಲ್ಲದಿದ್ದರೆ ಇನ್ನೊಂದು ಕಡೆ. ನಾನು ಏಣಿಯ ಮೇಲೆ ಅರ್ಧಕ್ಕೆ ನಿಂತು, ನಿನ್ನೆ ಹೇಳಿದ್ದು ತಪ್ಪು ಎಂದೆ. ಒಂದು ಮರಕ್ಕೆ ರೋಗ ಇದೆ, ಯಾವುದೆಂದು ಗೊತ್ತಿಲ್ಲ ಎಂದೆ.

ಅವರ ಕೈಯಲ್ಲಿದ್ದ ಕಾಯಿ ಅಲ್ಲೇ ನಿಂತಿತು.

“ನಿನ್ನೆ ಎಲ್ಡಕ್ಕೂ ಇಲ್ಲ ಅಂದ್ರಿ.”

“ಹೌದು. ಆ ಕಾಗದ ತಪ್ಪು.”

“ಇವತ್ತು ಒಂದಕ್ಕೆ ಐತೆ ಅಂತೀರಿ. ಯಾವುದು ಅಂದ್ರೆ ಗೊತ್ತಿಲ್ಲ ಅಂತೀರಿ.” ಅವರು ಕಾಯಿಯನ್ನು ನನ್ನತ್ತ ಚಾಚಿದರು. “ಇದರೊಳಗೆ ಕೊಬ್ಬರಿ ಆಗೈತೋ ಇಲ್ವೋ ಅಂತ ನಾವು ಅಲ್ಲಾಡ್ಸಿ ನೋಡ್ತೀವಿ. ನಿಮ್ ಕಂಪ್ಯೂಟ್ರೂ ಒಂದ್ಸಲ ಅಲ್ಲಾಡ್ಸಿ ನೋಡ್ರೀ.”

ನಾನು ನಂಬರಿನ ವಿಷಯ ವಿವರಿಸಿದೆ. ಖಾಲಿ ಬಿಟ್ಟದ್ದರಿಂದ ಹೀಗಾಯಿತು ಎಂದೆ. ಅವರು ಎಲ್ಲವನ್ನೂ ಕೇಳಿದರು.

“ಹಂಗಾದ್ರೆ ನನ್ನಿಂದಾನಾ?”

“ನಿಮ್ಮಿಂದ ಅಲ್ಲ. ಅದಕ್ಕೆ ಬೇರೆ ಜಾಗ ನಾನು ಇಡಬೇಕಿತ್ತು.”

“ನಾನೇ ಮೊದ್ಲು ಕೈ ಎತ್ತಿದ್ದು” ಎಂದರು. ನನಗೆ ಹೇಳಿದ್ದಲ್ಲ ಅನ್ನಿಸಿತು. ಮತ್ತೆ ಕಾಯಿ ಅಲ್ಲಾಡಿಸತೊಡಗಿದರು. ಸದ್ದು ಬಂದದ್ದನ್ನೂ ಬಾರದ್ದನ್ನೂ ಒಂದೇ ಕಡೆ ಹಾಕುತ್ತಿದ್ದರು.

ಗುರುವಾರ ಬೆಳಿಗ್ಗೆ ಆಳುಗಳು ಬಂದರು. ಬೇರೆ ತೋಟಗಳಿಗೆ ಪಟ್ಟಿ ಸರಿಯಾಗಿತ್ತು, ಅಲ್ಲಿ ಕೆಲಸ ಶುರುವಾಯಿತು. ಈ ತೋಟಕ್ಕೆ ಬಂದಾಗ ಪಕ್ಕದ ತೋಟದ ಯಜಮಾನ ಬದುವಿನ ಆಚೆ ನಿಂತು ಕೂಗಿದ: “ಅಕ್ಕೋ, ಎಲ್ಡನ್ನೂ ಕಡಿಸ್ಬುಡು! ಅನುಮಾನ ಇದ್ರೆ ತಗದೇ ಬುಡೋದು ವಾಸಿ ಕಣಕ್ಕ.”

“ನಿನ್ ಎಮ್ಮೆ ಎಲ್ಡರಲ್ಲಿ ಒಂದು ಹಾಯ್ತದೆ ಅಂತ ಎಲ್ಡನ್ನೂ ಸಂತೆಗೆ ಹೊಡೀತೀಯೇನ್ಲಾ?” ಎಂದು ಇವರು ಇಲ್ಲಿಂದಲೇ ಕೇಳಿದರು. ಆಳುಗಳು ನಕ್ಕರು. ಪಕ್ಕದವನೂ ನಕ್ಕ. ಆದರೆ ಹೋಗಲಿಲ್ಲ, ಅಲ್ಲೇ ನಿಂತಿದ್ದ. ಅವನ ಮರಗಳು ಬದುವಿಗೆ ತಾಗಿಕೊಂಡೇ ಇವೆ.

ಅವರು ಅದನ್ನು ನೋಡಿದರು. ಆಳುಗಳ ಮೇಸ್ತ್ರಿಯನ್ನು ಕರೆದು, ಎರಡೂ ಮರದ ಸುತ್ತ ಎರಡಡಿ ಆಳ, ಎರಡಡಿ ಅಗಲ ಕಾಲುವೆ ತೆಗೆಯಲು ಹೇಳಿದರು. ಬೇರು ಹೊರಗೆ ದಾಟದಿರಲು. “ಒಂದಕ್ಕೆ ಇಲ್ದೆ ಇದ್ರೂ ಪರವಾಗಿಲ್ಲ. ತೋಡು” ಎಂದರು. ಆಮೇಲೆ ಮರ ಹತ್ತುವವನಿಗೆ ಮತ್ತೆ ಬೇರು ತೆಗೆಯಲು ಹೇಳಿದರು.

ಪೊಟ್ಟಣದ ಮೇಲೆ ಏನು ಬರೆಯಬೇಕು ಎಂದು ಅವನು ನನ್ನನ್ನು ಕೇಳಿದ. ನಾನು ಅವರನ್ನು ನೋಡಿದೆ.

“ನಂಬ್ರು ಬ್ಯಾಡ” ಎಂದರು.

“ಬ್ಯಾಡಮ್ಮ” ಎಂದ ಅವನು. “ಆದ್ರೆ ಏನಾರ ಬೇಕಲ್ಲ?”

ಅವರು ಸ್ವಲ್ಪ ಯೋಚಿಸಿದರು. “ಬಾವಿ ಕಡೇದು ಅಂತ ಬರಿ. ಇನ್ನೊಂದಕ್ಕೆ ಬೇಲಿ ಕಡೇದು ಅಂತ ಬರಿ. ಅದು ಎಣಿಸ್ದಂಗಾಗಲ್ಲ.”

ನಾನೇ ಬರೆದೆ. ಬರೆದು ಇಬ್ಬರಿಗೂ ಓದಿ ಹೇಳಿದೆ. ಅದೇ ವಾರ ಮೇಡಂ ಮರಗಳ ದಾಖಲೆಯಲ್ಲಿ ‘ಗುರುತು’ ಎಂಬ ಹೊಸ ಅಂಕಣ ಸೇರಿಸಿದರು. ಪ್ರತಿ ಮರಕ್ಕೂ ಯಾರ ಕಣ್ಣಿಗೂ ಬೀಳದ ಒಂದು ಸಂಖ್ಯೆಯನ್ನು ಪ್ರೋಗ್ರಾಂ ತಾನೇ ಇಟ್ಟುಕೊಳ್ಳುವಂತೆ ಮಾಡಬಹುದು ಎಂದರು. ಅದು ಎಣಿಸಿದಂತೆ ಆಗುತ್ತದೋ ಇಲ್ಲವೋ ನನಗೆ ತಿಳಿಯಲಿಲ್ಲ. ಹೆಂಗಸನ್ನು ಕೇಳಿ ಹೇಳುತ್ತೇನೆ ಎಂದೆ. ಕೇಳಿದೆ. “ಯಾರಿಗೂ ಕಾಣಲ್ಲ ಅಂದ್ರೆ ಯಾರಿಗೆ ಬೇಕು ಅದು?” ಎಂದರು. ಆ ಉತ್ತರವನ್ನು ಹೌದು ಎಂದು ತಿಳಿಯಬೇಕೋ ಬೇಡ ಎಂದೋ ಗೊತ್ತಾಗದೆ, ಮೇಡಂಗೆ ಆ ಮಾತನ್ನೇ ಹಾಗೆಯೇ ತಲುಪಿಸಿದೆ. ಅವರು ಆ ಕೆಲಸ ಮಾಡಲಿಲ್ಲ.

ವರದಿಗಾಗಿ ಕಾಯುವ ದಿನಗಳಲ್ಲಿ ನಾನು ಆ ತೋಟಕ್ಕೆ ಎರಡು ಸಲ ಹೋದೆ. ಎರಡು ಮರವನ್ನೂ ಬುಡದಿಂದ ತುದಿಯವರೆಗೆ ನೋಡಿದೆ. ಬೇಲಿ ಕಡೆಯದರ ಕೆಳಗಿನ ಗರಿ ಜೋಲುಬಿದ್ದಂತೆ ಕಂಡಿತು. ಎರಡನೆಯ ಸಲ ಹಾಗೆ ಕಾಣಲಿಲ್ಲ. ಬಾವಿ ಕಡೆಯದರ ಬುಡದಲ್ಲಿ ಕಂದು ಕಲೆ ಇತ್ತು. ದೀಪದ ಎಣ್ಣೆಯದೆಂದು ಅವರು ಹೇಳಿದರು. ಇರಬಹುದು. ಕಾಲುವೆ ತೋಡಿದ ಮೇಲೂ ಅವರು ಅಡ್ಡ ಹಲಗೆ ಹಾಕಿಕೊಂಡು ದಾಟಿ ಹೋಗಿ ದೀಪ ಹಚ್ಚುತ್ತಿದ್ದರು. ಈಗ ಎರಡು ಮರಕ್ಕೂ ಹಚ್ಚುತ್ತಿದ್ದರು.

ಜುಲೈ ಕೊನೆಯ ವಾರ ವರದಿ ಬಂತು. ಮೇಡಂ ಅದನ್ನು ನಮೂದಿಸಿದರು. ನಾನು ನನ್ನ ಕೈಯಾರೆ ಪ್ರಶ್ನೆ ಬರೆದೆ, ‘ಆರಿಸು’ ಎಂಬುದನ್ನು ಮೊದಲು ಇಟ್ಟು. ಎರಡೇ ಸಾಲು ಬಂದವು. ಅವನ್ನು ಮೂಲ ಕಾಗದದೊಡನೆ ತಾಳೆ ನೋಡಿದೆ, ಮೇಡಂ ಇನ್ನೊಮ್ಮೆ ನೋಡಿದರು. ಬೇಲಿ ಕಡೆಯದು: ‘ಇಲ್ಲ’. ಬಾವಿ ಕಡೆಯದು: ‘ಹೌದು’.

ಫೋನಿನಲ್ಲಿ ಹೇಳದೆ ಬಸ್ಸಿನಲ್ಲಿ ಹೋಗಿ ಹೇಳಿದೆ. ಅವರು ಎಮ್ಮೆಗೆ ನೀರು ತೋರಿಸುತ್ತಿದ್ದರು.

“ಈ ಸಲ ಖಂಡಿತವಾ?”

“ಖಂಡಿತ.”

“ಹಲಗೆ ತೆಗೀಬೇಕು, ಹಂಗಾದ್ರೆ” ಎಂದರು.

ಮುಂದಿನ ಸೋಮವಾರ ಬಾವಿ ಕಡೆಯ ಮರವನ್ನು ಬೇರುಸಮೇತ ತೆಗೆದು ಸುಟ್ಟರು. ಮರ ಹತ್ತುವವನು ಅದಕ್ಕೂ ಮುಂಚೆ ಮೇಲೆ ಹತ್ತಿ ಇದ್ದ ಕಾಯಿಗಳನ್ನು ಹಗ್ಗದಲ್ಲಿ ಇಳಿಸಿದ. ಪಕ್ಕದ ತೋಟದವನು ಬಂದು ಹಗ್ಗ ಹಿಡಿದುಕೊಂಡ. ಬೇಲಿ ಕಡೆಯ ಮರದ ಸುತ್ತಲಿನ ಕಾಲುವೆಯನ್ನು ಮುಚ್ಚಿಸಲಾಯಿತು.

ಮೇಡಂ ಈಗ ಬುಧವಾರ ಮಾತ್ರ ಬರುತ್ತಾರೆ. ಹಳೆಯ ಯಂತ್ರ ಮೂಲೆಯಲ್ಲೇ ಇದೆ. ಕಳೆದ ವಾರ ನಾನು ತೆಗೆದ ಪಟ್ಟಿಯ ಪ್ರಕಾರ, ಆ ತೋಟದಲ್ಲಿ ಸಂಖ್ಯೆ ಇಲ್ಲದ ಮರ ಒಂದು.